ಕೇಳಿದ ಇಂಗ್ಲಿಷನ್ನು ತೂಗಿ ನೋಡು: ಹೈಸ್ಕೂಲ್ ಮೇಷ್ಟ್ರುಗಳಿಗೆ ಹದಿಮೂರು ಸೂತ್ರಗಳು

ಆಗಸ್ಟ್ ಕೊನೆ, ಮಳೆ ಒಂದಿಷ್ಟು ಬಿಡುವು ಕೊಟ್ಟ ದಿನ. ಒಂಬತ್ತನೇ ತರಗತಿಯ ಮಕ್ಕಳನ್ನು ಗುಡವಿ ಪಕ್ಷಿಧಾಮದ ಕೆರೆಗೆ ಕರೆದುಕೊಂಡು ಹೋಗಿದ್ದೆ. ವೀಕ್ಷಣಾ ಗೋಪುರದ ಮೇಲೆ ದೂರದ ಊರಿನ ಪ್ರವಾಸಿಯೊಬ್ಬರು ಮೊಬೈಲನ್ನು ಮುಖದೆದುರು ಹಿಡಿದು ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಇಲ್ಲಿ ಕಾಣುವ ಹಕ್ಕಿಗಳೆಲ್ಲ ಸೈಬೀರಿಯಾದಿಂದ ಸಾವಿರಾರು ಮೈಲಿ ಹಾರಿ ಬಂದವು ಅಂತ. ಪಕ್ಕದಲ್ಲಿದ್ದ ಹುಡುಗ ನನ್ನ ಅಂಗಿ ತುದಿ ಜಗ್ಗಿದ. "ಸುಳ್ಳು ಸಾರ್. ಇವು ಇಲ್ಲೇ ಗೂಡು ಕಟ್ಟಿ ಮರಿ ಮಾಡ್ತವೆ."

ಇದೇ ಹುಡುಗ ಹಿಂದಿನ ವಾರ ತರಗತಿಯಲ್ಲಿ ಒಂದು ಇಂಗ್ಲಿಷ್ ಭಾಷಣ ಕೇಳಿ, "ಹೇಗಿತ್ತೋ?" ಅಂದದ್ದಕ್ಕೆ "ಗುಡ್ ಸಾರ್" ಎಂದು ಕೂತುಬಿಟ್ಟಿದ್ದ. ಕೆರೆ ದಂಡೆಯಲ್ಲಿ ಅವನ ಇಂಗ್ಲಿಷ್ ಒಂದು ವಾರಕ್ಕೆ ಬೆಳೆದಿರಲಿಲ್ಲ. ಅಲ್ಲಿ ಅವನಿಗೆ ವಿಷಯ ಗೊತ್ತಿತ್ತು, ಸಿಟ್ಟು ಬಂತು, ಬಾಯಿ ತೆರೆಯಿತು. ಸೊರಬ, ಶಿಕಾರಿಪುರದ ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತು ತೂಗುವ ಕಿವಿ ಮೊದಲೇ ಇದೆ. ಆ ಕಿವಿಯನ್ನು ಇಂಗ್ಲಿಷಿನ ಮೇಲೂ ಇಡಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಹಾಗೆ ಹೇಳುವ ದಾರಿಗಳು ಇಲ್ಲಿವೆ. ಕೆಲವು ಎರಡು ನಿಮಿಷದ ಕೆಲಸ, ಕೆಲವಕ್ಕೆ ಇಡೀ ವಾರ ಬೇಕು.

1. ಮೊದಲ ಮಾತು ಮಕ್ಕಳ ಊರಿನದೇ ಇರಲಿ

ಭಾಷೆಯೂ ಹೊಸದು, ವಿಷಯವೂ ಹೊಸದು ಆದರೆ ಮಗುವಿನ ತಕ್ಕಡಿಯಲ್ಲಿ ಇಡಲು ಕಲ್ಲೇ ಇರುವುದಿಲ್ಲ. ಆದ್ದರಿಂದ ಒಂದು ನಿಮಿಷದ ಮಾತನ್ನು ನೀವೇ ಬರೆದು, ನಿಮ್ಮ ಮೊಬೈಲಿನಲ್ಲಿ ನೀವೇ ರೆಕಾರ್ಡ್ ಮಾಡಿ. ನಾನು ಮಾಡಿದ್ದು ಹೀಗೆ. ಗುಡವಿ ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರ. ಜೂನ್‌ನಿಂದ ಡಿಸೆಂಬರ್ ತನಕ ಹಕ್ಕಿ ನೋಡಲು ಒಳ್ಳೆಯ ಕಾಲ. ಬಿಳಿ ಐಬಿಸ್, ನೀರುಕಾಗೆ, ಬೆಳ್ಳಕ್ಕಿ, ಹಾವಕ್ಕಿ ಇಲ್ಲಿ ಸಿಗುತ್ತವೆ. ಇಲ್ಲಿಯವರೆಗೆ ಎಲ್ಲ ಸರಿ. ನಡುವೆ ಮೂರು ಮುಳ್ಳು ಇಟ್ಟೆ. ಒಂದು: ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ಹಕ್ಕಿಗಳು ಮೊಟ್ಟೆ ಇಡುತ್ತವೆ. ಎರಡು: ಇದು ಇಡೀ ಏಷ್ಯಾದಲ್ಲೇ ದೊಡ್ಡ ಪಕ್ಷಿಧಾಮ. ಮೂರು: ಒಮ್ಮೆ ಬಂದವರೆಲ್ಲ ಮತ್ತೆ ಬಂದೇ ಬರುತ್ತಾರೆ.

ಮೊದಲನೆಯದು ಬೀಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ನೀರಿನಲ್ಲಿ ನಿಂತ ಮರದ ಮೇಲೆ ಮಳೆಗಾಲದಲ್ಲೇ ಗೂಡು ಕಟ್ಟುವುದನ್ನು ಕಣ್ಣಾರೆ ಕಂಡ ಮಕ್ಕಳು, "ಡ್ರೈ" ಎಂಬ ಪದ ಕೇಳಿದ್ದೇ ತಡ ನಗಲು ಶುರು ಮಾಡಿದರು. ಎರಡನೆಯದಕ್ಕೆ ಜಗಳ ಆಯಿತು. ಊರಿನ ಹೆಮ್ಮೆ ನೋಡಿ, ಕೆಲವರು ನನ್ನ ಸುಳ್ಳಿನ ಪರವೇ ನಿಂತರು! ಗುಡವಿ ಪಕ್ಷಿಧಾಮ ಒಂದು ಚದರ ಕಿಲೋಮೀಟರೂ ಇಲ್ಲ, ರಾಜಸ್ಥಾನದ ಭರತ್‌ಪುರದ್ದು ಹತ್ತಿರ ಹತ್ತಿರ 29 ಚದರ ಕಿಲೋಮೀಟರ್ ಎಂದು ಬೋರ್ಡಿನ ಮೇಲೆ ಬರೆದ ಮೇಲೆ ಸುಮ್ಮನಾದರು. ಮೂರನೆಯದನ್ನು ಯಾರೂ ಹಿಡಿಯಲಿಲ್ಲ. ಅದು ಅಭಿಪ್ರಾಯ, ಸಂಗತಿಯ ಅಂಗಿ ತೊಟ್ಟು ಬಂದಿತ್ತು. ತಪ್ಪು, ಉತ್ಪ್ರೇಕ್ಷೆ, ಅಭಿಪ್ರಾಯ ಮೂರೂ ಬೇರೆ ಬೇರೆ ಅನ್ನುವುದು ಒಂದು ನಿಮಿಷದ ಮಾತಿನಲ್ಲಿ ಬಂತು. ಅದನ್ನು ಕಲಿಸಲು ಪಠ್ಯಪುಸ್ತಕ ತೆರೆಯಬೇಕಾಗಲಿಲ್ಲ.

ಒಂದು ಎಚ್ಚರಿಕೆ. ಗೋಪುರದ ಮೇಲಿನ ಆ ಪ್ರವಾಸಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಚಳಿಗಾಲಕ್ಕೆ ಉತ್ತರದ ಶೀತ ನಾಡುಗಳಿಂದ ಕರ್ನಾಟಕದ ಕೆರೆಗಳಿಗೆ ಬಾತುಗಳು ಬರುವುದು ನಿಜ. ತಪ್ಪಿದ್ದು "ಎಲ್ಲ" ಎಂಬ ಒಂದು ಪದದಲ್ಲಿ. ಇಂಗ್ಲಿಷಿನ "ಆಲ್", "ಎವ್ರಿ", "ಆಲ್ವೇಸ್", "ನೆವರ್" ಈ ನಾಲ್ಕು ಪದ ಕೇಳಿದ ಕೂಡಲೇ ಕೈ ಎತ್ತಬೇಕು ಎಂದು ಆಟ ಕಟ್ಟಿ. ಎಂಟನೇ ತರಗತಿಗೂ ನಡೆಯುತ್ತದೆ.

2. ತೀರ್ಪು ಕನ್ನಡದಲ್ಲಿರಲಿ, ಸಾಕ್ಷಿ ಇಂಗ್ಲಿಷಿನಲ್ಲಿರಲಿ

ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲಿ ಹುಬ್ಬು ಏರುತ್ತವೆ, ಇರಲಿ. "ಇವರು ಹೆದರಿಸ್ತಾ ಇದಾರೆ ಸಾರ್, ವಿವರಿಸ್ತಾ ಇಲ್ಲ" ಎಂದು ಕನ್ನಡದಲ್ಲಿ ಹೇಳಬಲ್ಲ ಹುಡುಗಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳು ಅಂದರೆ "ಗುಡ್" ಅಥವಾ "ಬ್ಯಾಡ್" ಮಾತ್ರ ಉಳಿಯುತ್ತದೆ. ಯೋಚನೆ ಕನ್ನಡದಲ್ಲಿ ಬರಲಿ, ತಡೆಯಬೇಡಿ. ಬಂದ ಮೇಲೆ ಒಂದೇ ಪ್ರಶ್ನೆ: ಯಾವ ಮಾತು ಕೇಳಿ ಹಾಗನ್ನಿಸಿತು? ಆ ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ, ಕಿವಿಗೆ ಬಿದ್ದ ಹಾಗೇ ಹೇಳಬೇಕು. ಎರಡು ತಿಂಗಳು ಹೀಗೆ ನಡೆದರೆ ತೀರ್ಪಿನ ಪದಗಳೂ ಒಂದೊಂದಾಗಿ ಇಂಗ್ಲಿಷಿಗೆ ಬರುತ್ತವೆ.

3. ತಾಳಮದ್ದಳೆಯ ಕಿವಿಯನ್ನು ತರಗತಿಗೆ ಕರೆತನ್ನಿ

ಮಾತನ್ನು ತೂಗುವುದು ಇಂಗ್ಲಿಷಿನವರು ಹೇಳಿಕೊಟ್ಟ ವಿದ್ಯೆ ಎಂದು ನಂಬಿದವರು ಸಾಗರ, ಸಿದ್ದಾಪುರ, ಸೊರಬದ ಕಡೆಯ ಒಂದು ತಾಳಮದ್ದಳೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಬೇಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಬರೆದುಕೊಂಡ ಚೀಟಿಯಿಲ್ಲದೆ ಅದಕ್ಕೆ ಮಾತು ಕಟ್ಟುತ್ತಾನೆ, ಎದುರಿನವನು ಅದನ್ನು ಒಡೆಯುತ್ತಾನೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು ಎಂದು ಹಳಬರು ಇನ್ನೂ ಹೇಳುತ್ತಾರೆ. ರಾಮ ದೇವರೇ ಇರಬಹುದು. ಸಭೆ ತೂಗುತ್ತಿದ್ದದ್ದು ಅವನ ವಾದವನ್ನು.

ತಾಳಮದ್ದಳೆ ಮುಗಿಸಿ ಮನೆಗೆ ಹೋಗುವಾಗ ದಾರಿಯಲ್ಲಿ ಜನ ಏನು ಹೇಳುತ್ತಾರೆ ಎಂದು ಮಕ್ಕಳನ್ನು ಕೇಳಿದೆ. ಒಬ್ಬೊಬ್ಬರಾಗಿ ಹೇಳಿದರು:

"ಪೀಠಿಕೆ ಉದ್ದ ಆತು."
"ಪದ್ಯ ಬಿಟ್ಟು ಹೊರಗೆ ಹೋದ."
"ಸ್ವರ ಚೆನ್ನಾಗಿತ್ತು, ಹುರುಳಿರಲಿಲ್ಲ."
"ಕೇಳಿದ ಪ್ರಶ್ನೆಗೆ ಉತ್ತರವೇ ಕೊಡಲಿಲ್ಲ, ಬೇರೆ ಏನೋ ಹೇಳಿ ನಗಿಸಿಬಿಟ್ಟ."

ಇವನ್ನು ಬೋರ್ಡಿನ ಎಡಕ್ಕೆ ಬರೆದು ಬಲಕ್ಕೆ ಇಂಗ್ಲಿಷ್ ಬರೆಯುತ್ತ ಹೋದೆ. ಪೀಠಿಕೆ ಉದ್ದ ಎಂದರೆ ದಿ ಇಂಟ್ರೊಡಕ್ಷನ್ ಈಸ್ ಟೂ ಲಾಂಗ್. ಪದ್ಯ ಬಿಟ್ಟು ಹೋದ ಎಂದರೆ ಹಿ ವೆಂಟ್ ಆಫ್ ದಿ ಟಾಪಿಕ್. ಹುರುಳಿಲ್ಲ ಎಂದರೆ ದೇರ್ ಈಸ್ ನೋ ಸಬ್‌ಸ್ಟನ್ಸ್ ಇನ್ ಇಟ್. ಕೊನೆಯದಕ್ಕೆ, ಹಿ ಡಿಡ್ ನಾಟ್ ಆನ್ಸರ್ ದಿ ಕ್ವೆಶ್ಚನ್. ತರಬೇತಿಗಳಲ್ಲಿ ಹಂಚುವ ಮೌಲ್ಯಮಾಪನ ಪಟ್ಟಿಗಳಲ್ಲಿ ಇರುವುದೂ ಹೆಚ್ಚುಕಡಿಮೆ ಇವೇ: ವಿಷಯ, ಜೋಡಣೆ, ಸಾಕ್ಷಿ, ದನಿ. ಆದರೆ ಆ ಪಟ್ಟಿ ಮೇಲಿನಿಂದ ಬಿದ್ದದ್ದು, ಇದು ಮಕ್ಕಳ ಬಾಯಿಂದ ಬಂದದ್ದು. ನಮ್ಮ ತರಗತಿಯ ಪಟ್ಟಿಯಲ್ಲಿ "ಪೀಠಿಕೆ" ಎಂಬ ಪದ ಇಂಗ್ಲಿಷಾಗದೆ ಹಾಗೇ ಉಳಿದುಕೊಂಡಿತು.

ತಾಳಮದ್ದಳೆಗೆ ಹೋಗದ ಮಕ್ಕಳೂ ಇರುತ್ತಾರೆ. ಅವರಿಗೆ ಸಂತೆಯ ದನದ ದಲ್ಲಾಳಿ ಇದ್ದಾನೆ, ಚುನಾವಣೆಯ ಮೈಕು ಇದೆ, ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರ ಮಾತಿದೆ. ಯಾವ ಮನೆಯ ಮಗುವೂ ಖಾಲಿ ಕಿವಿಯಲ್ಲಿ ಶಾಲೆಗೆ ಬರುವುದಿಲ್ಲ. ಇನ್ನೊಂದು, ಹೆಗ್ಗೋಡು ನಮಗೆ ದೂರವೇನಲ್ಲ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್‌ನ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಕೂತು ಚರ್ಚಿಸುವ ರೂಢಿ ಇದೆ. ರೈತರು, ಮೇಷ್ಟ್ರುಗಳು, ಕಾಲೇಜು ಮಕ್ಕಳು ಎಲ್ಲರೂ ಮಾತಾಡುತ್ತಾರೆ. ರಾತ್ರಿ ಕೇಳಿ, ಬೆಳಿಗ್ಗೆ ತೂಗು. ಈ ಅಂತರ ತರಗತಿಗೂ ಒಗ್ಗುತ್ತದೆ. ಇವತ್ತು ಕೇಳಿಸಿ, ನಾಳೆ ಕೇಳಿ: ಏನು ಉಳಿದಿದೆ?

4. "ಗುಡ್", "ನೈಸ್", "ಸೂಪರ್"ಗೆ ಬಹಿಷ್ಕಾರ ಹಾಕಿ

ಮೂರನ್ನೂ ಬೋರ್ಡಿನ ಮೂಲೆಯಲ್ಲಿ ಬರೆದು ಅಡ್ಡಗೆರೆ ಎಳೆಯಿರಿ. ಬದಲಿಗೆ ಒಂದೇ ವಾಕ್ಯದ ಅಚ್ಚು ಕೊಡಿ: ಐ ಥಿಂಕ್ ಇಂಥದ್ದು, ಬಿಕಾಸ್ ಶಿ ಸೆಡ್ ಇಂಥದ್ದು. "ಬಿಕಾಸ್" ಬರದ ವಾಕ್ಯಕ್ಕೆ ಬೆಲೆ ಇಲ್ಲ. ಮೊದಲ ವಾರ ಮಕ್ಕಳು ಬಾಯಿ ಮುಚ್ಚುತ್ತಾರೆ. ಮುಚ್ಚಲಿ.

5. ಮೂರು ಸಲ ಕೇಳಿಸಿ, ಮೂರು ಬೇರೆ ಕೆಲಸಕ್ಕೆ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಆಡಿಯೋ ಒಂದೇ ಸಲ ಕೇಳಿಸುತ್ತಾರೆ, ನಾವೂ ಹಾಗೆ ಮಾಡೋಣ ಅನ್ನುವವರಿದ್ದಾರೆ. ಅದು ಪರೀಕ್ಷೆ, ಇದು ಕಲಿಕೆ. ಮೊದಲ ಸಲ ಪೆನ್ನು ಕೆಳಗಿರಲಿ, ಕಣ್ಣು ಮುಚ್ಚಿದರೂ ಅಡ್ಡಿಯಿಲ್ಲ. ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆ, ಇಷ್ಟು ಸಾಕು. ಎರಡನೇ ಸಲ ಏನು ಹೇಳಿದರು ಎಂಬುದನ್ನು ಪದಗಳಲ್ಲಿ ಗೀಚಿಕೊಳ್ಳಲಿ. ಮೂರನೇ ಸಲ ಮಾತ್ರ ತೂಕ. ಅರ್ಥವಾಗುವ ಮೊದಲೇ ತೀರ್ಪು ಕೇಳಿದರೆ ಮಗು ದನಿ ಗಟ್ಟಿಯಿದ್ದವರಿಗೆ ಅಂಕ ಕೊಡುತ್ತದೆ. ದೊಡ್ಡವರು ಮಾಡುವುದೂ ಅದನ್ನೇ ಅನ್ನಿ.

6. ಆಕ್ಸೆಂಟಿಗೆ ಅಂಕ ಕಳೆಯಬೇಡಿ

1931ರ ಅಕ್ಟೋಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿನಲ್ಲಿದ್ದ ಗಾಂಧೀಜಿಯ ದನಿಯನ್ನು ಕೊಲಂಬಿಯಾ ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡಿತು. ರಾಜಕೀಯ ಬೇಡ ಎಂದ ಅವರು, ದೇವರ ಕುರಿತು ತಾವೇ ಹಿಂದೆ ಬರೆದಿದ್ದ ಲೇಖನವನ್ನು ಓದಿದರು. ಸುಮಾರು ಆರು ನಿಮಿಷ. ತಗ್ಗಿದ ದನಿ, ನಿಧಾನ, ಏರಿಳಿತ ಬಹಳ ಕಡಿಮೆ. ಲಂಡನ್ನಿನಲ್ಲಿ ಬ್ಯಾರಿಸ್ಟರಿ ಓದಿದ್ದರೂ ಆ ಇಂಗ್ಲಿಷಿನಲ್ಲಿ ಗುಜರಾತ್ ಕೇಳಿಸುತ್ತದೆ. ಇದನ್ನು ಹತ್ತನೇ ತರಗತಿಗೆ ಎರಡು ನಿಮಿಷ ಕೇಳಿಸಿ, ಯಾರೆಂದು ಹೇಳದೆ ಅಂಕ ಹಾಕಿಸಿ. ಪ್ರತಿಭಾ ಕಾರಂಜಿಯಲ್ಲಿ ಕೈ ಬೀಸಿ ಕಂಠಪಾಠ ಒಪ್ಪಿಸುವುದನ್ನೇ ಒಳ್ಳೆಯ ಮಾತು ಎಂದುಕೊಂಡ ಮಕ್ಕಳು ಕಡಿಮೆ ಅಂಕ ಹಾಕುವ ಸಾಧ್ಯತೆಯೇ ಹೆಚ್ಚು. ಆಮೇಲೆ ಹೆಸರು ಹೇಳಿ. ಮುಖಗಳನ್ನು ನೋಡಿ. ಆಮೇಲೆ ಇನ್ನೊಮ್ಮೆ ಕೇಳಿಸಿ, ಈ ಸಲ ಒಂದು ವಿಚಾರದಿಂದ ಮುಂದಿನ ವಿಚಾರಕ್ಕೆ ಅವರು ಹೇಗೆ ಹೋಗುತ್ತಾರೆ ಎಂಬುದನ್ನಷ್ಟೇ ಹಿಂಬಾಲಿಸಲು ಹೇಳಿ.

ಹಾಗೆಂದು ಉಚ್ಚಾರಣೆ ಲೆಕ್ಕಕ್ಕೇ ಇಲ್ಲ ಎಂದಲ್ಲ. ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯ ನಾಲ್ಕು ಮಾನದಂಡಗಳಲ್ಲಿ ಅದೂ ಒಂದು. ಉಳಿದ ಮೂರು ಸರಾಗ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ. ಕೇಳಬೇಕಾದ ಪ್ರಶ್ನೆ: ತಿಳಿಯಿತೋ ಇಲ್ಲವೋ? "ಸ್ಕೂಲ್" ಬದಲು "ಇಸ್ಕೂಲ್" ಅಂದರೆ ಯಾರಿಗೂ ನಷ್ಟವಿಲ್ಲ. ಬಸ್ಸಿನಲ್ಲಿ "ಫಿಫ್ಟೀನ್" ಹೋಗಿ "ಫಿಫ್ಟಿ" ಆದರೆ ಮೂವತ್ತೈದು ರೂಪಾಯಿ ನಷ್ಟ. "ಕ್ಯಾನ್" ಮತ್ತು "ಕಾಂಟ್" ಅದಲು ಬದಲಾದರೆ ಮಾತೇ ತಿರುಗಿ ನಿಲ್ಲುತ್ತದೆ. ಯಾವ ಉಚ್ಚಾರಣೆ ಅರ್ಥ ಕೆಡಿಸುತ್ತದೆ, ಯಾವುದು ಊರು ಮಾತ್ರ ತೋರಿಸುತ್ತದೆ ಎಂದು ಮಕ್ಕಳೇ ಎರಡು ಪಟ್ಟಿ ಮಾಡಲಿ. ಎರಡನೇ ಪಟ್ಟಿಯ ತಪ್ಪಿಗೆ ಯಾರೂ ನಗಬಾರದು, ಮೇಷ್ಟ್ರು ಮೊದಲು.

7. ಒಂದೇ ತಕ್ಕಡಿಯಲ್ಲಿ ಅಡಿಕೆ, ಹುಲ್ಲು ಎರಡನ್ನೂ ತೂಗಬೇಡಿ

ತಾಳಗುಪ್ಪ ನಿಲ್ದಾಣದ ರೈಲಿನ ಪ್ರಕಟಣೆಯಲ್ಲಿ ಭಾವನೆ ಹುಡುಕಿ ಪ್ರಯೋಜನವಿಲ್ಲ. ಗಾಡಿ ನಂಬರು, ಹೊತ್ತು, ಪ್ಲಾಟ್‌ಫಾರಂ ಮೂರೂ ಕಿವಿಗೆ ಬಿದ್ದವೋ? ಬಿದ್ದರೆ ಪೂರ್ತಿ ಅಂಕ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಗೆ ಬೇರೆ ಪ್ರಶ್ನೆ: ಈ ಸಂಗತಿಯನ್ನು ಯಾರು ಹೇಳಿದ್ದಾಗಿ ಹೇಳುತ್ತಿದ್ದಾರೆ? ಜಾಹೀರಾತಿಗೆ: ಏನನ್ನು ಹೇಳದೆ ಬಿಟ್ಟಿದ್ದಾರೆ?

ವೀಕ್ಷಕ ವಿವರಣೆ ತೂಗುವುದಕ್ಕೆ ನಮ್ಮ ಮಕ್ಕಳಿಗೆ ಹೋರಿ ಹಬ್ಬವೇ ಪಾಠಶಾಲೆ. ದೀಪಾವಳಿ ಮುಗಿದ ಮೇಲೆ ಶಿಕಾರಿಪುರ, ಸೊರಬದ ಊರುಗಳಲ್ಲಿ ಕೊಬ್ಬರಿ ಹಾರ ಕಟ್ಟಿದ ಹೋರಿ ಓಡಿ ಬರುವಾಗ ಮೈಕಿನವರು ಕೂಗುವುದನ್ನು ಕೇಳಿ ಬೆಳೆದವರು ಅವರು. ಹೋರಿ ಹೆಸರು ತಪ್ಪಿದರೆ, ಕೊಬ್ಬರಿ ಹರಿದವನನ್ನು ಗುರುತಿಸದಿದ್ದರೆ, ಹೋರಿ ದಾಟಿ ಹೋದ ಮೇಲೆ ಬಾಯಿ ತೆರೆದರೆ ಜನ ಅಲ್ಲೇ ಕಿಚಾಯಿಸುತ್ತಾರೆ. ನಿಖರತೆ, ವೇಗ, ಕಾಣದವರಿಗೂ ಕಾಣಿಸುವ ಶಕ್ತಿ. ಇದೇ ಮೂರನ್ನು ಇಟ್ಟುಕೊಂಡು ಎರಡು ಓವರ್ ಕ್ರಿಕೆಟ್ಟಿನ ಇಂಗ್ಲಿಷ್ ಕಾಮೆಂಟರಿ ಕೇಳಿಸಿ. ಚಿತ್ರ ಬೇಡ, ದನಿ ಮಾತ್ರ. ಫೀಲ್ಡರುಗಳು ಎಲ್ಲಿ ನಿಂತಿದ್ದಾರೆ ಎಂದು ಮಕ್ಕಳು ನೋಟ್ಸಿನಲ್ಲಿ ಚಿತ್ರ ಬಿಡಿಸಲು ಆದರೆ ಕಾಮೆಂಟರಿ ಪಾಸು. ರೇಡಿಯೋಗೆ ಹೇಳಿದ್ದಕ್ಕೂ ಟಿವಿಗೆ ಹೇಳಿದ್ದಕ್ಕೂ ಇರುವ ಅಂತರ ಇಲ್ಲೇ ತಿಳಿಯುತ್ತದೆ.

8. ನೆಹರೂ ಅವರ ಗಡಿಯಾರ ನೋಡಿಸಿ

ದೊಡ್ಡವರ ಭಾಷಣ ಎಂದರೆ ಮಕ್ಕಳು ಕೈ ಮುಗಿದು ಕೂರುತ್ತಾರೆ. ಕೈ ಬಿಡಿಸಲು ನನಗೆ ಸಿಕ್ಕ ಒಳ್ಳೆಯ ಉಪಾಯ ಇದು. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ರಚನಾ ಸಭೆಯಲ್ಲಿ ನೆಹರೂ ಮಾಡಿದ ಇಂಗ್ಲಿಷ್ ಭಾಷಣದಲ್ಲಿ, ನಡುರಾತ್ರಿಯ ಗಂಟೆ ಬಾರಿಸುವಾಗ ಜಗತ್ತು ನಿದ್ದೆಯಲ್ಲಿರುತ್ತದೆ, ಭಾರತ ಎದ್ದಿರುತ್ತದೆ ಎಂಬ ಅರ್ಥದ ಮಾತು ಬರುತ್ತದೆ. ಕೇಳಿಸಿದ ಮೇಲೆ ಬೋರ್ಡಿನ ಮೇಲೆ ಗೋಳ ಬರೆದು ಒಂದೇ ಪ್ರಶ್ನೆ ಹಾಕಿ: ನಮಗೆ ರಾತ್ರಿ ಹನ್ನೆರಡಾದರೆ ಲಂಡನ್ನಿನಲ್ಲಿ ಎಷ್ಟು?

ಸಮಾಜದ ಪಾಠದ ರೇಖಾಂಶ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಅಲ್ಲಿಗೆ ಸಂಜೆ ಆರೂವರೆ. ಬ್ರಿಟನ್ನಿನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆದ್ದರಿಂದ ಏಳೂವರೆ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ಆಫೀಸಿಗೆ ಮರಳಿದ ಹೊತ್ತು. ಜಗತ್ತು ಮಲಗಿರಲಿಲ್ಲ!

ತರಗತಿ ಎರಡು ಪಾಲಾಗುವುದು ಆಗಲೇ. "ತಪ್ಪು ಹೇಳಿದ್ರು, ಅಂಕ ಕಟ್" ಎಂದು ಒಂದು ಬೆಂಚು. "ಅದು ಟೈಮ್ ಹೇಳೋ ಮಾತಲ್ಲ, ಇಷ್ಟು ದಿನ ಮಲಗಿದ್ದವರು ಎದ್ದರು ಅನ್ನೋದಕ್ಕೆ ಹಾಗೆ ಹೇಳಿದ್ದು" ಎಂದು ಇನ್ನೊಂದು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಬ್ಬ ಹುಡುಗಿ, ಸಂಗತಿಗೆ ಸೊನ್ನೆ, ಮಾತಿಗೆ ಹತ್ತು, ಎರಡನ್ನೂ ಬೇರೆ ಬೇರೆ ಬರೆಯೋಣ ಸಾರ್ ಅಂದಳು. ನನ್ನ ಲೆಕ್ಕದಲ್ಲಿ ಆ ವರ್ಷದ ಇಂಗ್ಲಿಷ್ ಪಾಠ ಅಲ್ಲಿಗೆ ಮುಗಿದಿತ್ತು. ಮಾತಿನ ಸೊಗಸಿಗೆ ತಲೆದೂಗುತ್ತಲೇ ಮಾತಿನ ನಿಜವನ್ನು ಕೇಳಬಹುದು ಎಂದು ಗೊತ್ತಾದ ಮಗುವಿಗೆ ಚುನಾವಣಾ ಭಾಷಣ ಕೇಳಲು ಬೇರೆ ತರಬೇತಿ ಬೇಕಿಲ್ಲ.

9. ತಡವರಿಕೆಯನ್ನು ತಪ್ಪೆಂದು ಗುರುತಿಸಬೇಡಿ

ಮಾತು ಬರಹವಲ್ಲ. ಮಾತಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತೇವೆ, ವಾಕ್ಯ ಅರ್ಧಕ್ಕೆ ಬಿಟ್ಟು ಹೊಸದು ಹಿಡಿಯುತ್ತೇವೆ, ಕನ್ನಡದಲ್ಲಿ "ಅದೇನಂದ್ರೆ" ಅನ್ನುವಲ್ಲಿ ಇಂಗ್ಲಿಷಿನವರು "ಯು ನೋ" ಅನ್ನುತ್ತಾರೆ. ಕೈಯಲ್ಲಿ ಅಚ್ಚಾದ ಪ್ರತಿ ಕೊಟ್ಟು ಆಡಿಯೋ ಕೇಳಿಸಿದರೆ ಮಕ್ಕಳು ಓದುತ್ತಾರೆ, ಕೇಳುವುದಿಲ್ಲ. ಪ್ರತಿ ಕೊನೆಗೆ ಕೊಡಿ.

ಹೋಲಿಕೆಗೆ ಮತ್ತೆ ನೆಹರೂ ಸಾಕು. ಆಗಸ್ಟಿನ ಭಾಷಣ ಸಿದ್ಧಮಾಡಿಕೊಂಡು ಬಂದದ್ದು. 1948ರ ಜನವರಿ 30ರ ರಾತ್ರಿ, ಗಾಂಧೀಜಿ ಹತ್ಯೆಯಾದ ಕೆಲವೇ ಗಂಟೆಗಳಲ್ಲಿ ಆಕಾಶವಾಣಿಯಲ್ಲಿ ಆಡಿದ್ದು ಬರೆದುಕೊಳ್ಳದೆ ಬಂದ ಮಾತು. ಅಲ್ಲಿನ ನಿಲುಗಡೆಗಳನ್ನು ಎಣಿಸಲು ಹೇಳಿ, ಆಮೇಲೆ ಒಂದೊಂದು ನಿಲುಗಡೆಯೂ ಏನು ಹೇಳುತ್ತಿದೆ ಎಂದು ಕೇಳಿ. ಎಣಿಸಿದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಮುಂದಿನ ಪ್ರಶ್ನೆಗೆ ಅವಸರ ಮಾಡಬೇಡಿ.

10. ದನಿ ಯಾರದು ಎಂದು ಮೊದಲು ಕೇಳಿ

ವಾಟ್ಸಾಪಿನಲ್ಲಿ ಪ್ರತಿವರ್ಷ ಒಂದು ಆಡಿಯೋ ಓಡಾಡುತ್ತದೆ: 1893ರ ಸೆಪ್ಟೆಂಬರ್ 11ರಂದು ಚಿಕಾಗೋದಲ್ಲಿ ವಿವೇಕಾನಂದರು ಮಾಡಿದ ಭಾಷಣ, ಅವರದೇ ದನಿಯಲ್ಲಿ. ಕೇಳಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ದನಿ ಮಾತ್ರ ಅವರದಲ್ಲ. ವಿವೇಕಾನಂದರ ಅಧಿಕೃತ ಧ್ವನಿಮುದ್ರಣ ಒಂದೂ ಉಳಿದಿಲ್ಲ. ಭಾಷಣದ ಪಠ್ಯ ಉಳಿದಿದೆ, ಅದನ್ನು ಈಚಿನವರು ಓದಿ ಮುದ್ರಿಸಿದ್ದಾರೆ.

ಈ ಕ್ಲಿಪ್ಪನ್ನೇ ತರಗತಿಗೆ ತನ್ನಿ. ಆ ಕಾಲದಲ್ಲಿ ರೆಕಾರ್ಡಿಂಗ್ ಎಲ್ಲಿತ್ತು ಸಾರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ದುರ್ಬಲ ವಾದ, ಒಪ್ಪಬೇಡಿ. ಎಡಿಸನ್ನನ ಫೋನೋಗ್ರಾಫ್ 1877ರಲ್ಲೇ ಬಂದಿತ್ತು. ಗಟ್ಟಿ ವಾದ ಕಿವಿಯಿಂದಲೇ ಹುಟ್ಟಬೇಕು. ಸಾವಿರಾರು ಜನ ತುಂಬಿದ ಸಭಾಂಗಣದಲ್ಲಿ ಮೈಕಿಲ್ಲದೆ ಕೂಗಿ ಹೇಳುವ ದನಿ ಹೀಗೆ ಮೆತ್ತಗಿರುತ್ತದೆಯೇ? ಕೆಮ್ಮು, ಕುರ್ಚಿಯ ಸದ್ದು ಎಲ್ಲಿ? ಆ ಕಾಲದ ಮೇಣದ ಸಿಲಿಂಡರಿನ ಕರಕರ ಎಲ್ಲಿ? ಇನ್ನು ಈಗಂತೂ ಯಾರ ದನಿಯನ್ನು ಬೇಕಾದರೂ ಕಂಪ್ಯೂಟರ್ ಅನುಕರಿಸುತ್ತದೆ. "ನಿಮ್ಮ ಬ್ಯಾಂಕಿನಿಂದ" ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರುವ ಫೋನ್ ಕರೆಯನ್ನೂ ಇದೇ ಪಾಠದಲ್ಲಿ ಸೇರಿಸಿ. ಅಜ್ಜನ ಪಿಂಚಣಿ ದುಡ್ಡು ಉಳಿದೀತು.

11. ಮಳೆ, ತಗಡು, ಕರೆಂಟು ನೋಡಿಕೊಂಡು ಪಾಠ ಹಾಕಿ

ತಗಡಿನ ಶೀಟಿನ ಕೆಳಗೆ ಕೂತ ತರಗತಿಯಲ್ಲಿ ಜುಲೈ ತಿಂಗಳಲ್ಲಿ ಕೇಳುವ ಪಾಠ ಇಟ್ಟುಕೊಂಡವರು ಹೊರಗಿನವರೇ ಇರಬೇಕು. ಮಲೆನಾಡಿನ ಮಳೆ ಹೊಡೆಯುವಾಗ ಮುಂದಿನ ಬೆಂಚಿನವರಿಗೂ ಮೇಷ್ಟ್ರ ತುಟಿ ಮಾತ್ರ ಕಾಣುತ್ತದೆ. ಕೇಳುವ ಪಾಠಗಳನ್ನು ದಸರಾ ರಜೆಯ ಆಚೆಗೆ ತಳ್ಳಿ. ಕರೆಂಟನ್ನು ನಂಬಬೇಡಿ, ಚಾರ್ಜ್ ಮಾಡಿದ ಸಣ್ಣ ಬ್ಲೂಟೂತ್ ಸ್ಪೀಕರ್ ಇರಲಿ, ಆಡಿಯೋವನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಗುಡವಿಯಂಥ ಕಡೆ ನೆಟ್‌ವರ್ಕ್ ಬರುವ ಜಾಗ ಹುಡುಕುವುದರಲ್ಲೇ ಪೀರಿಯಡ್ ಮುಗಿದೀತು.

ಸ್ಪೀಕರೂ ಇಲ್ಲವೇ? ಇಬ್ಬರು ಮೇಷ್ಟ್ರುಗಳು ತರಗತಿಯ ಮುಂದೆ ನಿಂತು ಮೂರು ನಿಮಿಷ ಇಂಗ್ಲಿಷಿನಲ್ಲಿ ವಾದ ಮಾಡಿ. ಮಧ್ಯಾಹ್ನದ ಊಟಕ್ಕೆ ಅನ್ನ ಒಳ್ಳೆಯದೋ ಚಪಾತಿಯೋ ಎಂಬ ವಿಷಯವಾದರೂ ನಡೆದೀತು. ಗಣಿತದ ಮೇಷ್ಟ್ರು ತಡವರಿಸಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

12. "ಅಂಕ ಎಷ್ಟು?" ಎಂದವರಿಗೆ ಉತ್ತರ ಇಟ್ಟುಕೊಂಡಿರಿ

ಎಸ್ಎಸ್ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. 80 ಬರೆಯುವುದಕ್ಕೆ, 20 ಆಂತರಿಕ ಮೌಲ್ಯಮಾಪನಕ್ಕೆ. ಬರೆಯುವ 80ರಲ್ಲಿ ಕಿವಿಗೆ ಒಂದೂ ಇಲ್ಲ. ಆದ್ದರಿಂದ ಇದೆಲ್ಲ ಯಾಕೆ ಅನ್ನುವ ಪೋಷಕರ ಮೇಲೆ ನನಗೆ ಸಿಟ್ಟಿಲ್ಲ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಈ ಕೆಲಸವನ್ನು ಆ 20ರೊಳಗೆ ಕೂರಿಸಿ, ದಾಖಲೆ ಇಡಿ, ಮಾತು ಮುಗಿಯಿತು.

ಆದರೂ ಒಂದು ಲೆಕ್ಕ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅಂದರೆ ಈಗ ಹತ್ತರಲ್ಲಿ ಕೂತಿರುವ ಮಗು ಹತ್ತು ವರ್ಷ ಇಂಗ್ಲಿಷ್ ಕೇಳಿದೆ. ಕೇಳಿದ್ದು ನಿನಗೆ ಒಪ್ಪಿಗೆಯೇ ಎಂದು ಆ ಹತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇವೆ?

13. ಮೊದಲು ನಿಮ್ಮನ್ನು ತೂಗಲಿ, ಆಮೇಲೆ ಒಬ್ಬರನ್ನೊಬ್ಬರು

ಮಕ್ಕಳು ಮಕ್ಕಳನ್ನು ತೂಗುವಾಗ ಗೆಳೆತನ, ಜಾತಿ, ಹಳೆಯ ಜಗಳ ಎಲ್ಲವೂ ತಕ್ಕಡಿಯಲ್ಲಿ ಕೂರುತ್ತವೆ. ಬೆಳಗಿನ ಪ್ರಾರ್ಥನೆಯಲ್ಲಿ ಇಂಗ್ಲಿಷ್ ಪತ್ರಿಕೆಯ ತಲೆಬರಹ ಓದುವ ಹುಡುಗಿಯನ್ನು ಮೊದಲ ದಿನವೇ ಎಲ್ಲರೆದುರು ತೂಗಲು ಬಿಟ್ಟರೆ ಮಾರನೆಯ ದಿನ ಅವಳಿಗೆ ಜ್ವರ. ನಿಯಮ ಇರಲಿ: ಕಿವಿಯಲ್ಲಿ ಉಳಿದ ಒಂದು ಮಾತನ್ನು ಮೊದಲು ಹೇಳಬೇಕು, ಆಮೇಲೆ ಒಂದೇ ಒಂದು ಸಲಹೆ, ಅದಕ್ಕೂ ಬಿಕಾಸ್ ಇರಬೇಕು.

ಅದಕ್ಕೂ ಮೊದಲು ನೀವು ಕೂತುಕೊಳ್ಳಿ. ನಾನು ಹತ್ತು ನಿಮಿಷ ಇಂಗ್ಲಿಷಿನಲ್ಲೇ ಪಾಠ ಮಾಡಿ, ಹೆಸರು ಬರೆಯದ ಚೀಟಿಯಲ್ಲಿ ತೀರ್ಪು ಬರೆದುಕೊಡಿ ಎಂದು ಡಬ್ಬಿ ಇಟ್ಟೆ. ಮೂವತ್ತು ಚಿಲ್ಲರೆ ಚೀಟಿ ಬಂದವು. ಬಹಿಷ್ಕಾರ ಇದ್ದರೂ ಏಳು "ಗುಡ್". ಒಂದರಲ್ಲಿ, ನೀವು "ಓಕೆ" ಎಂದು ಹತ್ತೊಂಬತ್ತು ಸಲ ಹೇಳಿದಿರಿ ಎಂಬ ಲೆಕ್ಕ, ಜೊತೆಗೆ ಐದೈದರಂತೆ ಎಣಿಸಿದ ಗೆರೆಗಳು. ಇನ್ನೊಂದರಲ್ಲಿ, ಎರಡು ವಾಕ್ಯ ಆದ ಮೇಲೆ ಬೋರ್ಡಿನ ಕಡೆ ತಿರುಗಿ ಮಾತಾಡಿದ್ದರಿಂದ ಹಿಂದಿನ ಬೆಂಚಿಗೆ ಕೇಳಲಿಲ್ಲ ಎಂಬ ದೂರು. ಅದನ್ನು ಓದಿ ಕಿವಿ ಬಿಸಿಯಾಯಿತು, ಆದರೆ ದೂರು ಸರಿ ಇತ್ತು.

ಡಬ್ಬಿಯ ತಳದಲ್ಲಿ ನಾಲ್ಕಾಗಿ ಮಡಚಿದ ಚೀಟಿಯೊಂದು ಅಂಟಿಕೊಂಡಿತ್ತು. ಪೆನ್ಸಿಲ್ ಬರಹ, ಎರಡು ಪದ ಅಳಿಸಿ ಮತ್ತೆ ಬರೆದದ್ದು. ಇಂಗ್ಲಿಷ್ ವಾಕ್ಯ, ನಡುವೆ ಒಂದೇ ಒಂದು ಕನ್ನಡ ಪದ. ಸಾರ್, ಯುವರ್ ಪೀಠಿಕೆ ಈಸ್ ಟೂ ಲಾಂಗ್, ಬಿಕಾಸ್ ಬೆಲ್ ರ್‍ಯಾಂಗ್.